ಪಾವಟಿಗೆ ಬಾವಿಯ ಪಾಠ

ನಾರುಹುಣ್ಣಿಗೆ ಔಷಧಿ ಇರಲಿಲ್ಲ, ಇವತ್ತಿಗೂ ಇಲ್ಲ. ಲಸಿಕೆಯೂ ಇಲ್ಲ. ಆದರೂ ಭಾರತದಲ್ಲಿ ಈಗ ಆ ರೋಗ ಇಲ್ಲ. 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡದ್ದೇ ಕೊನೆಯ ಪ್ರಕರಣ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶಕ್ಕೆ ಮುಕ್ತಿಪತ್ರ ಕೊಟ್ಟಿತು. ಅದಕ್ಕೂ ಮೊದಲು ಈ ರೋಗ ಬೇರೂರಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕರ್ನಾಟಕದೊಳಗೆ ಅದರ ನೆಲೆ ಬಯಲುಸೀಮೆಯ ಬರಡು ಜಿಲ್ಲೆಗಳು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನೊಳಗೊಂಡ ಕಲಬುರಗಿ ಅವುಗಳಲ್ಲಿ ಒಂದು.

ರೋಗದ ಮೂಲ ಕುಡಿಯುವ ನೀರು, ಅದರಲ್ಲೂ ಪಾವಟಿಗೆ ಬಾವಿಯ ನೀರು. ಹಗ್ಗ ಗಡಗಡಿ ಇಲ್ಲದ ಈ ಬಾವಿಗೆ ಜನ ಮೆಟ್ಟಿಲಿಳಿದು ಹೋಗಿ, ನೀರಿನಲ್ಲಿ ಕಾಲಿಟ್ಟು ಕೊಡ ಮುಳುಗಿಸುತ್ತಿದ್ದರು. ಅವರಲ್ಲಿ ಯಾರದಾದರೂ ಕಾಲಿನ ಬೊಕ್ಕೆಯೊಡೆದು ರೋಗ ತರುವ ಹುಳು ಇಣುಕಿದ್ದರೆ, ತಣ್ಣೀರು ಸೋಕಿದ ಕೂಡಲೇ ಅದು ಸಾವಿರಾರು ಮರಿಗಳನ್ನು ಚೆಲ್ಲುತ್ತಿತ್ತು. ಆ ಮರಿಗಳನ್ನು ನುಂಗುವುದು ಸೈಕ್ಲೋಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದ ನೀರುಜೀವಿ. ಸೈಕ್ಲೋಪ್ಸ್ ಇರುವ ನೀರನ್ನು ಸೋಸದೆ ಕುಡಿದವನ ಮೈಯೊಳಗೆ ಹುಳು ಸುಮಾರು ಒಂದು ವರ್ಷ ಬೆಳೆಯುತ್ತದೆ. ಹೆಣ್ಣು ಹುಳು ಒಂದು ಮೀಟರಿನವರೆಗೂ ಉದ್ದವಾಗಿ, ಹೆಚ್ಚಾಗಿ ಮೊಣಕಾಲಿನ ಕೆಳಗೆ ಚರ್ಮ ಸೀಳಿಕೊಂಡು ಹೊರಬರುತ್ತದೆ. ಜನರಿಗೆ ಗೊತ್ತಿದ್ದ ಉಪಾಯ ಒಂದೇ: ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುವುದು. ಅವಸರಪಟ್ಟು ಎಳೆದರೆ ಹುಳು ಒಳಗೇ ಹರಿದು ಕಾಲು ಬಾತು ಕೀವಾಗುತ್ತಿತ್ತು. ಹೊಲದ ಕೆಲಸದ ದಿನಗಳಲ್ಲಿ ದುಡಿಯುವವನು ವಾರಗಟ್ಟಲೆ ಹಾಸಿಗೆ ಹಿಡಿದರೆ ಆ ಮನೆಯ ವರ್ಷದ ಜೋಳ ತೊಗರಿಗೆ ಕುತ್ತು.

ಇದನ್ನು ತಡೆಯುವ ವಿದ್ಯೆ ಹೊಸದಲ್ಲ. ಸೈಕ್ಲೋಪ್ಸಿನ ಪಾತ್ರವನ್ನು ರಷ್ಯಾದ ಫೆಡ್ಚೆಂಕೊ 1870ರ ಸುಮಾರಿಗೇ ಕಂಡಿದ್ದ. 1930ರ ದಶಕದಲ್ಲಿ ನಮ್ಮದೇ ಚಿತ್ರದುರ್ಗ ಜಿಲ್ಲೆಯಲ್ಲಿ, ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿ ಅವರು ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಜೊತೆ ಈ ಹುಳುವಿನ ಬೆನ್ನು ಹತ್ತಿದರು. ಸೈಕ್ಲೋಪ್ಸ್ ತಿನ್ನುವ ಮೀನುಗಳನ್ನು ಬಾವಿಗೆ ಬಿಟ್ಟು ರೋಗ ತಗ್ಗಿಸುವ ವಿಧಾನವನ್ನು 1936ರಲ್ಲಿ ಪ್ರಕಟಿಸಿದರು. ಹುಳುವಿನ ದೇಹರಚನೆಯ ಬಗ್ಗೆ ಮೂರ್ತಿಯವರು ಬರೆದ ಪ್ರಬಂಧ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಯಿತು. ಕನ್ನಡ ನಾಡಿನ ಹಳ್ಳಿಬಾವಿಯ ದಂಡೆಯಲ್ಲಿ ನಡೆದ ಈ ಕೆಲಸ ನಮ್ಮ ವಿಜ್ಞಾನದ ಇತಿಹಾಸದಲ್ಲಿ ದೊಡ್ಡ ಅಕ್ಷರಗಳಲ್ಲಿ ಇರಬೇಕಿತ್ತು. ಇವತ್ತು ಮೂರ್ತಿಯವರ ಹೆಸರು ಬಲ್ಲವರು ವೈದ್ಯರಲ್ಲೂ ವಿರಳ.

ಆದರೆ ಆಗ ಚಿತ್ರದುರ್ಗ ಮೈಸೂರಿನದು, ಕಲಬುರಗಿ ಹೈದರಾಬಾದ್ ನಿಜಾಮರದು. ಆಳಂದವಂತೂ ನಿಜಾಮರ ಆಸ್ಥಾನದ ಪೈಗಾ ಅಮೀರರ ಜಹಗೀರು. ಮೈಸೂರು ಸಂಸ್ಥಾನ ಮಂಡ್ಯದಲ್ಲೂ ರಾಮನಗರದಲ್ಲೂ ಗ್ರಾಮೀಣ ಆರೋಗ್ಯ ಘಟಕ ತೆರೆದು ಸಿಬ್ಬಂದಿಗೆ ತರಬೇತಿ ಕೊಡುತ್ತಿದ್ದ ಕಾಲಕ್ಕೆ, ಭೀಮಾ ತೀರದ ಹುಡುಗನಿಗೆ ಡಾಕ್ಟರಾಗುವ ದಾರಿ ಹೈದರಾಬಾದಿನ ಮೂಲಕವೇ ಹಾಯುತ್ತಿತ್ತು. ಅಲ್ಲಿ 1846ರಲ್ಲೇ ಬ್ರಿಟಿಷ್ ರೆಸಿಡೆನ್ಸಿಯ ವೈದ್ಯ ಮೆಕ್ಲೀನ್ ವೈದ್ಯಶಾಲೆ ಆರಂಭಿಸಿದ್ದರು. ಪಾಠ ನಡೆದದ್ದು ಉರ್ದುವಿನಲ್ಲಿ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಆಧುನಿಕ ವೈದ್ಯವನ್ನೂ ಉರ್ದುವಿನಲ್ಲೇ ಕಲಿಸಿತು, ಉರ್ದು ಪಠ್ಯಗಳಿಗೆಂದೇ ಅನುವಾದ ವಿಭಾಗವೂ ಇತ್ತು. ದೇಶಭಾಷೆಯಲ್ಲಿ ಉನ್ನತ ವಿದ್ಯೆ ಕಲಿಸಿದ ಆ ಧೈರ್ಯಕ್ಕೆ ಗೌರವ ಸಲ್ಲಲೇಬೇಕು. ಆದರೆ ಮನೆಯಲ್ಲಿ ಕನ್ನಡ ಆಡುವ ರೈತನ ಮಗನಿಗೆ ಅದೂ ಇನ್ನೊಂದು ಬೇಲಿಯೇ ಆಗಿತ್ತು. ದವಾಖಾನೆ ದೂರವಿದ್ದ ಕಾಲದಲ್ಲಿ ಜನ ಹಕೀಮರ ಬಳಿ ಹೋದರು, ಆಳಂದದ ಲಾಡ್ಲೆ ಮಶಾಯಿಕ್ ದರ್ಗಾಕ್ಕೆ ಹೋದರು, ಭೀಮಾ-ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಹೋದರು. ಹೋದವರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ, ಬೇರೆ ಬಾಗಿಲು ಅವರಿಗೆ ತೆರೆದಿರಲಿಲ್ಲ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಕಲಬುರಗಿ ಕನ್ನಡ ನಾಡಿಗೆ ಸೇರಿತು. ಎರಡೇ ವರ್ಷಕ್ಕೆ, 1958ರಲ್ಲಿ, ಮಹಾದೇವಪ್ಪ ರಾಂಪೂರೆ ಅವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. 1963ರಲ್ಲಿ ಅವರ ಹೆಸರಿನ ವೈದ್ಯಕೀಯ ಕಾಲೇಜು ಶುರುವಾಯಿತು. ಬೀದರ, ಕಲಬುರಗಿ, ರಾಯಚೂರು, ಈ ಮೂರು ಜಿಲ್ಲೆಗಳಿಗೆ ಅದೇ ಮೊದಲನೆಯದು. ಬೀದರ, ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದದ್ದು ಈ ಶತಮಾನದಲ್ಲಿ.

ಕಾಲೇಜು ಬಂತು. ಆದರೆ ಅದರ ಪಾಠ ಹಳ್ಳಿಯ ಬಾವಿಯವರೆಗೆ ಹೋಯಿತೇ? ಇದು ಕಲಬುರಗಿಯೊಂದರ ಪ್ರಶ್ನೆಯಲ್ಲ. ರೋಗ ಬಾರದಂತೆ ತಡೆಯುವ ವಿದ್ಯೆಯನ್ನೂ ವಿದ್ಯಾರ್ಥಿಗೆ ಕಲಿಸಬೇಕೆಂದು ದೇಶದ ಆರೋಗ್ಯ ಸೇವೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಆದರೂ ಕಾಲೇಜುಗಳ ಮನಸ್ಸು ವಾರ್ಡಿನ ಮಂಚದ ಸುತ್ತಲೇ ಇತ್ತು. ಶ್ರೀವಾಸ್ತವ ಸಮಿತಿಯ 1975ರ ವರದಿಯ ನಂತರ, 1977ರಲ್ಲಿ, ಕೇಂದ್ರ ಸರ್ಕಾರ ವೈದ್ಯಶಿಕ್ಷಣವನ್ನು ಹಳ್ಳಿಯ ಕಡೆ ತಿರುಗಿಸುವ ಯೋಜನೆ ತಂದಿತು: ಪ್ರತಿ ವೈದ್ಯಕೀಯ ಕಾಲೇಜು ಮೊದಲಿಗೆ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕು, ವಿದ್ಯಾರ್ಥಿಗಳೂ ಅಧ್ಯಾಪಕರೂ ಅಲ್ಲಿಗೆ ಹೋಗಬೇಕು. ಸಂಚಾರಿ ಆಸ್ಪತ್ರೆಯ ಗಾಡಿಗಳೂ ಬಂದವು. ದೇಶದ ಬಹುತೇಕ ಕಡೆ ಆ ಉತ್ಸಾಹ ಹೆಚ್ಚು ಕಾಲ ಬಾಳಲಿಲ್ಲ.

ನಾರುಹುಣ್ಣನ್ನು ಕೊನೆಗೆ ಸೋಲಿಸಿದ್ದು 1983-84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 40,000 ರೋಗಿಗಳಿದ್ದರು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು, ಗಾಯಕ್ಕೆ ಪಟ್ಟಿ ಕಟ್ಟಿ ನೀರಿಗೆ ಇಳಿಯದಂತೆ ತಡೆದರು, ನೀರು ಸೋಸಲು ಬಟ್ಟೆ ಹಂಚಿದರು, ಸೈಕ್ಲೋಪ್ಸ್ ಕೊಲ್ಲುವ ಟೆಮೆಫಾಸ್ ದ್ರಾವಣವನ್ನು ಬಾವಿಯ ನೀರಿಗೆ ಬೆರೆಸಿದರು. ಪಾವಟಿಗೆ ಬಾವಿಗಳು ಸೇದುವ ಬಾವಿಗಳಾದವು, ಊರೂರಿಗೆ ಬೋರಿಂಗ್ ಬಂತು. ಹದಿಮೂರು ವರ್ಷ ತುಂಬುವುದರೊಳಗೆ ರೋಗದ ಬೇರು ಕಿತ್ತುಹೋಯಿತು. ಮೂರ್ತಿ, ಸ್ವೀಟ್ ಪ್ರಕಟಿಸಿದ ವಿಧಾನಕ್ಕೂ ಈ ಕಾರ್ಯಕ್ರಮಕ್ಕೂ ನಡುವೆ ಅರ್ಧ ಶತಮಾನದ ಹತ್ತಿರ ಅಂತರವಿದೆ. ಆ ಅವಧಿಯಲ್ಲಿ ಕುಂಟಿದ ಕಾಲುಗಳಿಗೆ ಹುಳುವಿನಷ್ಟೇ ಕಾರಣ, ಪತ್ರಿಕೆಯ ಪುಟದಲ್ಲೇ ಉಳಿದುಹೋದ ವಿದ್ಯೆ.

ಹಿಂದುಳಿದಿರುವಿಕೆ ಮಾತ್ರ ನಾರುಹುಣ್ಣಿನ ಜೊತೆ ಹೋಗಲಿಲ್ಲ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದ ಮಕ್ಕಳಿಗೆ ಇಲ್ಲಿನ ವೈದ್ಯಕೀಯ ಸೀಟುಗಳಲ್ಲಿ ಮೀಸಲು ಪಾಲು ಸಿಕ್ಕಿತು. ಕಲಬುರಗಿ ನಗರದಲ್ಲಿ ಈಗ ಸರ್ಕಾರಿ, ಇಎಸ್‌ಐ, ಖಾಸಗಿ ಎಲ್ಲ ಬಗೆಯ ವೈದ್ಯಕೀಯ ಕಾಲೇಜುಗಳಿವೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ.

ಕಡ್ಡಿಗೆ ಹುಳು ಸುತ್ತಿಕೊಂಡು ಕೂತ ದಿನಗಳನ್ನು ಅನುಭವಿಸಿದವರಿಗೆ, ಅವರ ಮನೆ ಬಾಗಿಲಿಗೆ ಸೋಸುವ ಬಟ್ಟೆ ಒಯ್ದ ಆರೋಗ್ಯ ಸಹಾಯಕಿಯರಿಗೆ ಈಗ ವಯಸ್ಸಾಗುತ್ತಿದೆ. ಸಮುದಾಯ ವೈದ್ಯ ವಿಭಾಗಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಮೂರೂ ತಾಲ್ಲೂಕುಗಳ ಹಳ್ಳಿಗಳಿಗೆ ಕಳಿಸಿ ಈ ಹಿರಿಯರ ಮಾತುಗಳನ್ನು ಕನ್ನಡದಲ್ಲೇ ಬರೆದಿಡಿಸಬೇಕು, ಉಳಿದಿರುವ ಪಾವಟಿಗೆ ಬಾವಿಗಳ ಪಟ್ಟಿ ಮಾಡಿಸಬೇಕು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಈ ಕೆಲಸ ಈ ವರ್ಷವೇ ಆರಂಭವಾಗಲಿ.