ಸಸಿಗಿಂತ ಮೊದಲು ನೆಲ: ಹಳಿಯಾಳ–ಜೋಯಿಡಾ ಸೀಮೆಯ ಕೃಷಿ ಅರಣ್ಯದ ಚರಿತ್ರೆ

ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಬೆಳೆಯನ್ನೂ ಮರವನ್ನೂ ಒಂದೇ ನೆಲದಲ್ಲಿ ತೆಗೆಯುವ ಯತ್ನಗಳಿಗೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಈ ಯತ್ನಗಳ ಸೋಲು ಗೆಲುವುಗಳನ್ನು ನಾವು ಸಾಮಾನ್ಯವಾಗಿ ಯಾವ ಜಾತಿಯ ಸಸಿ, ಎಷ್ಟು ಲಕ್ಷ ಸಸಿ ಎಂದು ಲೆಕ್ಕ ಹಾಕುತ್ತೇವೆ. ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಮಣ್ಣು, ನೀರು, ಮೇವು, ಬೆಂಕಿ ಇವನ್ನು ವರ್ಷವರ್ಷವೂ ನೋಡಿಕೊಳ್ಳುವವರು ಇದ್ದರೇ, ಅವರಿಗೆ ಆ ನೆಲದ ಮೇಲೆ ಹಕ್ಕಿತ್ತೇ ಎಂಬುದೇ ಫಲವನ್ನು ನಿರ್ಧರಿಸಿದೆ.

ಮೊದಲ ಸಾಕ್ಷ್ಯ ಕುಮರಿ. ಹಿಂದೆ ಸೂಪಾ ಎನಿಸಿಕೊಂಡಿದ್ದ ಈಗಿನ ಜೋಯಿಡಾದ ಕುಣಬಿ ಸಮುದಾಯದವರು ಕಾಡಿನ ತುಂಡನ್ನು ಸವರಿ ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆಯ ನಂತರ ಆ ಜಾಗವನ್ನು ಹಲವು ವರ್ಷ ಕಾಡಿಗೇ ಬಿಡುತ್ತಿದ್ದರು. ಮದ್ರಾಸಿನ ಅರಣ್ಯಾಧಿಕಾರಿ ಹ್ಯೂ ಕ್ಲೆಗಾರ್ನ್ ಇದನ್ನು ಕಟುವಾಗಿ ವಿರೋಧಿಸಿದ. 1860ರ ಹೊತ್ತಿಗೆ ಮದ್ರಾಸ್ ಸರ್ಕಾರ ನಿರ್ಬಂಧ ಹೇರಿತು. 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೂ ಅದೇ ಧೋರಣೆ ಮುಂದುವರಿಯಿತು. ಕುಮರಿಯಿಂದ ಕಾಡು ಹಾಳಾಯಿತೆಂಬ ಆಕ್ಷೇಪಣೆಯನ್ನು ಪೂರ್ತಿ ತಳ್ಳಿಹಾಕಲಾಗದು. ಬೀಳು ಬಿಡುವ ಅವಧಿ ಕಿರಿದಾದಲ್ಲಿ ಕಾಡು ಮರಳಿ ಚಿಗುರುವುದಿಲ್ಲ. ಆದರೆ ಆ ಅವಧಿಯೇ ಕುಮರಿಯ ನೆಲ ನಿರ್ವಹಣೆಯಾಗಿತ್ತು. ಕಾಡು ಮೀಸಲಾಗುತ್ತ ಹೋದಂತೆ ತಿರುಗಾಡಲು ಜಾಗ ಕಡಿಮೆಯಾಗಿ, ಅದೇ ತುಂಡಿಗೆ ಬೇಗ ಮರಳುವ ಒತ್ತಡ ಬಂತು. ಬೆಳೆಯ ನಡುವೆ ತೇಗ ನೆಡುವ ಬರ್ಮಾದ ಟೌಂಗ್ಯಾ ಪದ್ಧತಿಯಂತೆ ಅರಣ್ಯ ಇಲಾಖೆಯೂ ಮುಂದೆ ಇದೇ ಕುಮರಿಯನ್ನು ತೇಗ ಬೆಳೆಸಲು ಬಳಸಿಕೊಂಡಿತು. ತೇಗದ ನೆರಳು ಕವಿದಾಗ ಬೆಳೆ ನಿಂತಿತು, ರೈತ ಹೊರಬಿದ್ದ. ಅದು ನೆಡುತೋಪಾಗಿ ಗೆದ್ದಿತು, ಕೃಷಿ ಅರಣ್ಯವಾಗಿ ಅಲ್ಲ. ಇದಕ್ಕೆ ಪ್ರತಿಯಾಗಿ, ಜೋಯಿಡಾದ ಗೆಡ್ಡೆ ಗೆಣಸಿನ ಮೇಳದಲ್ಲಿ ಇಂದು ನಾವು ಬೆರಗಾಗಿ ನೋಡುವ ತಳಿಗಳು ಉಳಿದಿರುವುದು ಕುಣಬಿಗಳು ತಾವೇ ನೋಡಿಕೊಂಡ ಹಿತ್ತಿಲುಗಳಲ್ಲಿ.

ಇನ್ನೂ ಸ್ಪಷ್ಟವಾದ ಪಾಠ ಬಿದಿರಿನದು. 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ಗೆ ಬಿದಿರು ಸಿಕ್ಕಿದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಮೇದಾರರು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆಯ ಮುಂದೆ ಇದು ಏನೂ ಅಲ್ಲ. 1970ರ ದಶಕದಲ್ಲಿ ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಬಿದಿರು ಕುಸಿದ ಕಾರಣವನ್ನು ಅಧ್ಯಯನ ಮಾಡಿದರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಇಳುವರಿ ಹೆಚ್ಚುತ್ತದೆಂದು ಶಾಸ್ತ್ರಜ್ಞರು ನಂಬಿದ್ದರು. ಮುಳ್ಳು ತೆಗೆದರೆ ಮೆಳೆ ಕೆಡುತ್ತದೆಂದು ಹಳ್ಳಿಗರು ಹೇಳುತ್ತಿದ್ದರು. ಹಳ್ಳಿಗರ ಮಾತೇ ನಿಜವಾಯಿತು. ಮುಳ್ಳಿನ ಕಾವಲು ಹೋದ ಮೇಲೆ ಎಳೆಯ ಕಳಲೆ ದನಕರುಗಳಿಗೂ ಕಾಡುಪ್ರಾಣಿಗಳಿಗೂ ಮೇವಾಯಿತು. ಗಿಡದ ಜಾತಿಯೂ ಮಳೆಯೂ ಮಣ್ಣೂ ಬದಲಾಗಿರಲಿಲ್ಲ. ಬದಲಾದದ್ದು ನಿರ್ವಹಣೆ ಮಾತ್ರ. ಈ ಒಂದು ಅಧ್ಯಯನಕ್ಕೆ ನಮ್ಮ ಅರಣ್ಯ ಯೋಜನೆಗಳು ಕೊಡಬೇಕಾದ ಗೌರವವನ್ನು ಇನ್ನೂ ಕೊಟ್ಟಿಲ್ಲ.

ಬೆಲೆ ಸಿಕ್ಕರೆ ರೈತ ಹೇಗಾದರೂ ಮರ ಬೆಳೆಸುತ್ತಾನೆ, ನೀಲಗಿರಿಗೆ ಬದುವೂ ಬೇಡ ಇಂಗುಗುಂಡಿಯೂ ಬೇಡ ಎಂಬ ವಾದವಿದೆ. ಕಾಗದದ ಕಾರ್ಖಾನೆ ಹತ್ತಿರವಿರುವ ಕಡೆ ಇದು ಅರ್ಧ ನಿಜ. ಆದರೆ ಕೊಯ್ಲಿನ ಹಣ ಬಂತೆಂದ ಮಾತ್ರಕ್ಕೆ ಅದು ಕೃಷಿ ಅರಣ್ಯವಾಗದು. ಮರದ ನಡುವೆ ಊಟದ ಬೆಳೆ, ದನಕ್ಕೆ ಮೇವು ಉಳಿಯಬೇಕು. ಮುಂಡಗೋಡದಿಂದ ದೂರವಲ್ಲದ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸಾಮುದಾಯಿಕ ನೆಲದಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ನೆಟ್ಟ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದವನ್ನು ಹಚ್ಚಿದರು. ಆ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಕೇಳಿದ್ದು ನೆಲವನ್ನು ಯಾರು, ಯಾವುದಕ್ಕಾಗಿ ನಿರ್ವಹಿಸಬೇಕೆಂಬುದನ್ನೇ. 1991ರಲ್ಲಿ ಆ ಕಂಪನಿ ಮುಚ್ಚಿತು.

ಹಳಿಯಾಳ, ಮುಂಡಗೋಡಗಳಿಗೆ ಅಂಟಿಕೊಂಡ ಕಲಘಟಗಿ ತಾಲ್ಲೂಕಿನಲ್ಲಿ ಬೈಫ್ ಎಂಬ ಸ್ವಯಂಸೇವಾ ಸಂಸ್ಥೆ 1990ರ ದಶಕದಿಂದ ಹಿಡಿದ ದಾರಿ ಬೇರೆ. ಮೊದಲು ಹೊಲದಲ್ಲಿ ಬದು, ಕಾಲುವೆ, ಕೃಷಿ ಹೊಂಡ. ಆಮೇಲೆ ಮಾವು, ಚಿಕ್ಕು, ಬದುವಿನ ಮೇಲೆ ಸೊಪ್ಪಿನ ಮರ, ನಡುವೆ ಎಂದಿನ ಬೆಳೆ. ಬೇಸಿಗೆಯಲ್ಲಿ ಸಸಿ ಉಳಿಯುವುದು ಮಳೆಗಾಲದಲ್ಲಿ ನೆಲ ಎಷ್ಟು ನೀರು ಹಿಡಿದಿಟ್ಟುಕೊಂಡಿತು ಎಂಬುದನ್ನು ಅವಲಂಬಿಸಿದೆ. ಜೋಯಿಡಾದಷ್ಟು ಮಳೆ ಕಾಣದ ಹಳಿಯಾಳ, ಮುಂಡಗೋಡದ ಪೂರ್ವ ಅಂಚಿಗಂತೂ ಈ ಕ್ರಮವೇ ತಕ್ಕದ್ದು. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011ರಿಂದ ಬದುಕುಳಿದ ಸಸಿಗೆ ಮಾತ್ರ ಮೂರು ವರ್ಷ ಹಣ ಕೊಡುತ್ತಿರುವುದು ಸರಿಯಾದ ಹೆಜ್ಜೆ. ಆದರೆ ಅದರ ಲಾಭ ಪಹಣಿ ಇದ್ದವರಿಗೆ. ಕಾಡಿನ ನೆಲ ನಂಬಿದ ಸಮುದಾಯಗಳಲ್ಲಿ ಹಲವರಿಗೆ ಅದಿಲ್ಲ. ಅವುಗಳಲ್ಲಿ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಆ ಸ್ಥಾನವಿಲ್ಲದ ಕುಣಬಿಗಳು, ಗೌಳಿಗಳು ಅರಣ್ಯ ಹಕ್ಕು ಕಾಯ್ದೆಯಡಿ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ನಾಳೆ ಬಿಟ್ಟೇಳಬೇಕಾದೀತೆಂಬ ಭಯದ ನೆಲದಲ್ಲಿ ಯಾರೂ ಬದು ಹಾಕುವುದಿಲ್ಲ. ಅರಣ್ಯ ಇಲಾಖೆ ಮತ್ತು ಜಿಲ್ಲಾ ಪಂಚಾಯತಿ ಈ ನಾಲ್ಕು ತಾಲ್ಲೂಕುಗಳಲ್ಲಿ ಸಸಿ ಹಂಚುವ ಮೊದಲು ಬಾಕಿ ಇರುವ ಹಕ್ಕಿನ ಅರ್ಜಿಗಳನ್ನು ಇತ್ಯರ್ಥ ಮಾಡಲಿ, ಬದು ಮತ್ತು ಇಂಗುಗುಂಡಿಯ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ಸಸಿ ನೆಡುವ ಹಿಂದಿನ ಬೇಸಿಗೆಯಲ್ಲೇ ಮುಗಿಸಲಿ.