ಮಾವೋರಿ ಸಭಾಗೃಹಗಳ ಜೀರ್ಣೋದ್ಧಾರ

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರ ಬದುಕು ಊರಿನ ಸಭಾಗೃಹದ ಸುತ್ತ ಕಟ್ಟಿಕೊಂಡದ್ದು. ಅವರ ಭಾಷೆಯಲ್ಲಿ ಇದಕ್ಕೆ ಫರೆನುಯಿ ಎಂದು ಹೆಸರು. ಮದುವೆ ಮಾತುಕತೆ, ಜಮೀನಿನ ತಕರಾರು, ಅತಿಥಿಗಳ ಸ್ವಾಗತ, ಸತ್ತವರ ಶೋಕಾಚರಣೆ ಎಲ್ಲ ಇಲ್ಲಿಯೇ, ಇದರ ಮುಂದಿನ ಅಂಗಳದಲ್ಲಿಯೇ ನಡೆಯುತ್ತವೆ. 19ನೆಯ ಶತಮಾನದ ನಡುವಿನಿಂದ ಇಂಥ ಮನೆಗಳಲ್ಲಿ ಕೆಲವು ವಸಾಹತು ಸರ್ಕಾರದೊಂದಿಗಿನ ಯುದ್ಧದಲ್ಲಿ ಅದರ ವಶವಾದವು, ಕೆಲವು ಮಾರಾಟವಾಗಿ ಸಮುದ್ರ ದಾಟಿದವು, ಬಹಳಷ್ಟು ಊರಿನಲ್ಲಿಯೇ ನಿಂತು ಶಿಥಿಲವಾದವು. ಅವುಗಳನ್ನು ಎತ್ತಿ ನಿಲ್ಲಿಸುವ ಕೆಲಸ ಮೊದಲು ವಸ್ತುಸಂಗ್ರಹಾಲಯಗಳ ಕೈಯಲ್ಲಿ ಆರಂಭವಾಗಿ, ನಿಧಾನವಾಗಿ ಆಯಾ ಕುಲದವರ ಕೈಗೆ ಬಂತು. ಮನೆ ತನ್ನವರ ಕೈಗೆ ಬಂದ ಕಡೆಗಳಲ್ಲಿಯೇ ಈ ಕೆಲಸ ಸಾರ್ಥಕವಾಗಿದೆ ಎಂಬುದು ಇದರ ಇತಿಹಾಸವನ್ನು ನೋಡಿದವರಿಗೆ ಸ್ಪಷ್ಟವಾಗಿ ಕಾಣುತ್ತದೆ.

ಫರೆನುಯಿಯನ್ನು ಮಾವೋರಿಗಳು ಕುಲದ ಮೂಲಪುರುಷನ ಅಥವಾ ಮೂಲಮಾತೆಯ ದೇಹವೆಂದು ತಿಳಿಯುತ್ತಾರೆ. ಮುಂಭಾಗದ ತ್ರಿಕೋನದ ನೆತ್ತಿಯಲ್ಲಿರುವ ಮುಖವಾಡ ಆ ಪೂರ್ವಜರ ಮುಖ. ಅಲ್ಲಿಂದ ಎರಡೂ ಕಡೆಗೆ ಇಳಿಯುವ ಹಲಗೆಗಳು ಚಾಚಿದ ತೋಳುಗಳು, ಹಲಗೆಯ ತುದಿಯ ಸೀಳುಗಳು ಬೆರಳುಗಳು. ಒಳಗಿನ ಉದ್ದನೆಯ ತೊಲೆ ಬೆನ್ನೆಲುಬಾದರೆ ಅದರಿಂದ ಇಳಿಬಿದ್ದ ಪಕಾಸಿಗಳು ಪಕ್ಕೆಲುಬುಗಳು. ಗೋಡೆಯುದ್ದಕ್ಕೂ ನಿಂತ ಕೆತ್ತನೆಯ ಹಲಗೆಗಳಿಗೆ ಪೌಪೌ ಎಂದು ಹೆಸರು. ಒಂದೊಂದರಲ್ಲೂ ಒಬ್ಬೊಬ್ಬ ಹಿರಿಯರು ನಿಂತಿರುತ್ತಾರೆ. ಪೌಪೌಗಳ ನಡುವೆ ನೇಯ್ದ ತುಕುತುಕು ಚಾಪೆಗಳಿರುತ್ತವೆ. ಪಕಾಸಿಗಳ ಮೇಲೆ ಕೆಂಪು, ಕಪ್ಪು, ಬಿಳಿ ಬಣ್ಣಗಳ ಸುರುಳಿ ಚಿತ್ತಾರ ಹರಿಯುತ್ತದೆ. ಒಳಗೆ ಬಂದವರು ಪೂರ್ವಜರ ಒಡಲಲ್ಲಿ ಕೂತಂತೆ, ಮಲಗಿದಂತೆ. ಒಂದು ಹಲಗೆ ಕಳೆದುಹೋದರೆ ವಂಶದ ಒಬ್ಬ ಹಿರಿಯರೇ ಕಾಣೆಯಾದ ಹಾಗೆ. ದುರಸ್ತಿಯ ವಿಷಯದಲ್ಲಿ ಕುಲದವರಿಗೂ ವಸ್ತುಸಂಗ್ರಹಾಲಯಗಳಿಗೂ ನೂರು ವರ್ಷ ಹೊಂದಾಣಿಕೆಯಾಗದೆ ಉಳಿದದ್ದಕ್ಕೆ ಈ ನಂಬಿಕೆಯೇ ಕಾರಣ.

ಹಳೆಯ ಮನೆಗಳ ಮುಖ್ಯ ಮರ ತೊತಾರಾ. ಮಣ್ಣಿನಲ್ಲಿ ಹೂತರೂ ಬೇಗ ಕೊಳೆಯದ, ಕೆತ್ತನೆಗೆ ಹದವಾಗಿ ಒದಗುವ ಮರ ಅದು. ಆದರೂ ಕಂಬಗಳ ಬುಡ ಕಾಲಾಂತರದಲ್ಲಿ ತೇವಕ್ಕೆ ಸೋಲುತ್ತದೆ. ಯುರೋಪಿನಿಂದ ಬಂದ ಮರಕೊರೆಯುವ ಹುಳು ಕೆತ್ತನೆಗಳನ್ನು ಒಳಗಿನಿಂದ ತಿನ್ನುತ್ತದೆ. ಜೊಂಡಿನ ಗೋಡೆ, ಹುಲ್ಲಿನ ಮಾಡಿನ ಜಾಗಕ್ಕೆ 19ನೆಯ ಶತಮಾನದ ಕೊನೆಯ ಹೊತ್ತಿಗೆ ಹಲಗೆ ಮತ್ತು ತಗಡು ಬಂದಿದ್ದವು. ಹೀಗಾಗಿ ಮನೆಯನ್ನು ಯಾವ ಕಾಲದ ರೂಪಕ್ಕೆ ಮರಳಿಸಬೇಕು ಎಂಬ ಪ್ರಶ್ನೆ ಪ್ರತಿ ದುರಸ್ತಿಯಲ್ಲೂ ಏಳುತ್ತದೆ. ಕುಲದ ಹಿರಿಯರನ್ನು ಕೇಳಿದರೆ ಮಳೆ ಸೋರದಿರುವುದೇ ಮೊದಲು ಎಂಬ ಉತ್ತರ ಬರುವುದುಂಟು. ವಾಸ್ತುಶಿಲ್ಪದ ಪರಿಶುದ್ಧಿಗಿಂತ ಬಳಕೆ ಮುಖ್ಯ ಎಂಬ ಈ ನಿಲುವನ್ನು ಅಸಡ್ಡೆ ಎನ್ನಲಾಗದು. ಜನ ಮಲಗಿ ಏಳುವ ಮನೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ, ಬೀಗ ಹಾಕಿದ ಮನೆ ಬೇಗ ಬೀಳುತ್ತದೆ.

ಉಳಿದಿರುವ ಅತಿ ಹಳೆಯ ದೊಡ್ಡ ಕೆತ್ತನೆಯ ಮನೆಗಳಲ್ಲೊಂದು ತೆ ಹೌ ಕಿ ತೂರಂಗ. ಉತ್ತರ ದ್ವೀಪದ ಪೂರ್ವ ಕರಾವಳಿಯಲ್ಲಿ, ಈಗಿನ ಗಿಸ್ಬೋರ್ನ್ ಬಳಿಯ ಮಾನುತೂಕೆಯಲ್ಲಿ, ರೊಂಗೊಫಕಾತಾ ಕುಲದ ಮಹಾಶಿಲ್ಪಿ ರಾಹಾರುಹಿ ರುಕುಪೊ 1840ರ ದಶಕದ ಆರಂಭದಲ್ಲಿ ತನ್ನ ತೀರಿಹೋದ ಅಣ್ಣನ ನೆನಪಿಗಾಗಿ ಇದನ್ನು ಕೆತ್ತಿಸಿದ. 1867ರಲ್ಲಿ ಸರ್ಕಾರದ ಮಂತ್ರಿ ಜೆ. ಸಿ. ರಿಚ್ಮಂಡ್ ಹಡಗು ಕಳಿಸಿ ಮನೆಯನ್ನು ಬಿಚ್ಚಿಸಿ ವೆಲಿಂಗ್ಟನ್ನಿಗೆ ಸಾಗಿಸಿದ. ಒಡೆಯರ ಒಪ್ಪಿಗೆ ಇರಲಿಲ್ಲ. ರುಕುಪೊ ಅದೇ ವರ್ಷ ಸಂಸತ್ತಿಗೆ ಅರ್ಜಿ ಕೊಟ್ಟರೂ ಮನೆ ಮರಳಲಿಲ್ಲ. ಅವಸರದಲ್ಲಿ ಬಿಚ್ಚಿದ ಮನೆ ವಸಾಹತು ಸಂಗ್ರಹಾಲಯದಲ್ಲಿ ಬೇರೆ ಅಳತೆಯ ಕಟ್ಟಡಕ್ಕೆ ಹೊಂದಿಕೊಳ್ಳಬೇಕಾಯಿತು.

ಇದರ ಪುನರ್ನಿರ್ಮಾಣ ನಡೆದದ್ದು 1930ರ ದಶಕದಲ್ಲಿ. ವೆಲಿಂಗ್ಟನ್ನಿನಲ್ಲಿ 1936ರಲ್ಲಿ ತೆರೆದ ಹೊಸ ಡೊಮಿನಿಯನ್ ಮ್ಯೂಸಿಯಂಗಾಗಿ ಮನೆಯನ್ನು ಮತ್ತೆ ನಿಲ್ಲಿಸುವಾಗ ಮಾವೋರಿ ರಾಜಕಾರಣಿ ಸರ್ ಅಪಿರಾನಾ ನಾತಾ ಅದರಲ್ಲಿ ಆಸ್ಥೆಯಿಂದ ತೊಡಗಿದರು. ನಾತಾ ಬರೀ ರಾಜಕಾರಣಿಯಾಗಿರಲಿಲ್ಲ. ಕೆತ್ತನೆ, ನೇಯ್ಗೆ ಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದುದನ್ನು ಕಂಡು ಕಸುಬನ್ನೇ ಬದುಕಿಸಲು ಹೊರಟವರು. 1926ರಲ್ಲಿ ಅವರ ಪ್ರಯತ್ನದಿಂದ ಕಾನೂನು ಬಂದು, ಮರುವರ್ಷ ರೊಟೊರುವಾದಲ್ಲಿ ಮಾವೋರಿ ಕಲೆಗಳ ಶಾಲೆ ಆರಂಭವಾಯಿತು. ಉಳಿಯ ಕೆಲಸ ಬಲ್ಲವರು ಸಿಕ್ಕರೂ ಬಾಚಿಯಿಂದ ಕೆತ್ತುವ ಹಳೆಯ ರೀತಿ ಶಾಲೆಗೆ ಗೊತ್ತಿರಲಿಲ್ಲ. ನಾತಿ ತಾರಾಫಾಯಿ ಕುಲದ ವೃದ್ಧ ಶಿಲ್ಪಿ ಎರಾಮಿಹಾ ಕಾಪುವಾ ಬಂದು ಅದನ್ನು ಕಲಿಸಿದರು. ಅವರ ಶಿಷ್ಯ ಪಿನೆ ತಾಯಿಯಾಪಾ ಮುಂದೆ ದೇಶದ ತುಂಬ ಮನೆಗಳನ್ನು ಕಟ್ಟಿದರು. 1940ರಲ್ಲಿ ವೈತಾಂಗಿಯಲ್ಲಿ ತೆರೆದ, ವೈತಾಂಗಿ ಒಪ್ಪಂದದ ಶತಮಾನೋತ್ಸವದ ಸಭಾಗೃಹ ಈ ಶಾಲೆಯ ಹೆಗ್ಗುರುತು. ನಾತಾ ಅವರ ಕೆಲಸದ ಹೆಚ್ಚಿನ ಭಾಗ ಹೊಸ ಮನೆಗಳದ್ದೇ ಆದರೂ ನಂತರದ ಎಲ್ಲ ಜೀರ್ಣೋದ್ಧಾರಗಳಿಗೆ ಬೇಕಾದ ಕೈಗಳು ತಯಾರಾದದ್ದು ಇಲ್ಲಿಂದ. ಕುಶಲಕರ್ಮಿಗಳಿಲ್ಲದೆ ಹಣ ಎಷ್ಟಿದ್ದರೂ ಹಳೆಯ ಮನೆ ಮೇಲೇಳದು ಎಂಬುದನ್ನು ಅವರು ಬಹಳ ಬೇಗ ಅರಿತಿದ್ದರು.

ತುಕುತುಕು ನೇಯ್ಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಲಂಬವಾಗಿ ನಿಲ್ಲಿಸಿದ ಹುಲ್ಲುದಂಟುಗಳ ಮೇಲೆ ಅಡ್ಡಪಟ್ಟಿಗಳನ್ನು ಇಟ್ಟು ಚೌಕಟ್ಟು ಮಾಡಿರುತ್ತಾರೆ. ಅದರ ಎರಡೂ ಬದಿ ಇಬ್ಬರು ಕೂರುತ್ತಾರೆ. ಒಬ್ಬಳು ಎಳೆಯನ್ನು ತೂರಿದರೆ ಆಚೆಯವಳು ಹಿಡಿದೆಳೆದು ಮರಳಿಸಬೇಕು. ಒಬ್ಬರೇ ಕೂತರೆ ಕೆಲಸ ಸಾಗದು. ಕಿಯೆಕಿಯೆ ಎಂಬ ಕಾಡುಬಳ್ಳಿಯ ಎಲೆ ಬಿಳಿಯ ಎಳೆಯಾಗುತ್ತದೆ, ಕೆಲವನ್ನು ಕೆಸರಿನಲ್ಲಿ ಅದ್ದಿ ಕಪ್ಪಾಗಿಸುತ್ತಾರೆ. ಹೊಂಬಣ್ಣಕ್ಕೆ ಮಾತ್ರ ಬಣ್ಣ ಹಾಕುವಂತಿಲ್ಲ, ಸಮುದ್ರದಂಡೆಯ ಮರಳುದಿಬ್ಬಗಳಲ್ಲಿ ಬೆಳೆಯುವ ಪೀಂಗಾವೊ ಹುಲ್ಲು ಒಣಗಿದರೆ ತಾನಾಗಿ ಆ ಬಣ್ಣಕ್ಕೆ ತಿರುಗುತ್ತದೆ. ದನಗಳ ಮೇವಿಗೂ ಹೊರಗಿನಿಂದ ತಂದು ನೆಟ್ಟ ಮಾರಮ್ ಹುಲ್ಲಿಗೂ ಸಿಕ್ಕಿ ಪೀಂಗಾವೊ ಅನೇಕ ಕಡೆ ವಿರಳವಾಯಿತು. ಹೀಗಾಗಿ ಒಂದು ಮನೆಯ ಗೋಡೆ ಸರಿಪಡಿಸುವವರಿಗೆ ಕರಾವಳಿಯಲ್ಲಿ ಹುಲ್ಲು ನೆಡುವ ಕೆಲಸವೂ ಸೇರಿಕೊಂಡಿತು.

1970ರ ದಶಕದಲ್ಲಿ ನ್ಯೂಜಿಲೆಂಡಿನ ಐತಿಹಾಸಿಕ ಸ್ಥಳಗಳ ಟ್ರಸ್ಟ್ ಮಾವೋರಿ ಕಟ್ಟಡಗಳತ್ತ ಗಮನ ಹರಿಸಿತು. ಕಲಾವಿದ ಕ್ಲಿಫ್ ವೈಟಿಂಗ್ ಊರೂರಿಗೆ ಹೋಗಿ, ಅಲ್ಲಿಯವರಿಂದಲೇ ಚಿತ್ತಾರ ಬರೆಸಿ, ತುಕುತುಕು ನೇಯಿಸಿ ಹಳೆಯ ಮನೆಗಳನ್ನು ಸರಿಪಡಿಸುವ ಪದ್ಧತಿ ತಂದರು. ತಜ್ಞರು ಬಂದು ಮುಗಿಸಿಕೊಟ್ಟು ಹೋಗುವ ರೀತಿಗಿಂತ ಇದು ನಿಧಾನ, ಆದರೆ ಊರಿನಲ್ಲಿ ವಿದ್ಯೆ ಉಳಿಯುತ್ತಿತ್ತು.

ಈ ಇತಿಹಾಸದ ದೀರ್ಘ ಕಥೆಗಳಲ್ಲೊಂದು ಮಾತಾತುವ ಮನೆಯದು. ಉತ್ತರ ದ್ವೀಪದ ಫಕತಾನೆಯ ನಾತಿ ಆವಾ ಕುಲದವರು 1860ರ ದಶಕದ ಯುದ್ಧದಲ್ಲಿ ಹಿರಿಯರನ್ನೂ, 1866ರ ಮುಟ್ಟುಗೋಲಿನಲ್ಲಿ ಜಮೀನನ್ನೂ ಕಳೆದುಕೊಂಡಿದ್ದರು. ಆ ಪೆಟ್ಟಿನ ನಂತರ, ಒಂದೇ ದೋಣಿಯಲ್ಲಿ ಬಂದ ಪೂರ್ವಜರ ವಂಶಸ್ಥರಾದ ಕುಲಗಳನ್ನೆಲ್ಲ ಒಂದೆಡೆ ಕೂಡಿಸಲು ಕಟ್ಟಿದ ಮನೆ ಇದು. ಹೆಸರೂ ಆ ದೋಣಿಯದ್ದೇ. ವೆಪಿಹಾ ಅಪಾನುಯಿ ಅದರ ಮುಖ್ಯ ಶಿಲ್ಪಿಗಳಲ್ಲೊಬ್ಬ. 1875ರ ಮಾರ್ಚ್‌ನಲ್ಲಿ ಮನೆ ತೆರೆಯಿತು. ನಾಲ್ಕೇ ವರ್ಷದಲ್ಲಿ, 1879ರಲ್ಲಿ, ಸರ್ಕಾರ ಅದನ್ನು ಸಿಡ್ನಿಯ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಕಳಿಸಿತು. ಅಲ್ಲಿ ಮನೆಯನ್ನು ಒಳಹೊರಗು ತಿರುವಿ ನಿಲ್ಲಿಸಿದರು. ಒಳಗಿರಬೇಕಾದ ಪೌಪೌಗಳು ನೋಡುಗರಿಗೆ ಕಾಣಲಿ ಎಂದು ಹೊರಗೋಡೆಗೆ ಬಂದವು. ಪೂರ್ವಜರ ಒಡಲನ್ನೇ ಬಗೆದು ಹೊರಗೆ ಹರಡಿದಂತಿದ್ದ ಆ ಜೋಡಣೆ ನಾತಿ ಆವಾ ಜನರಿಗೆ ಇಂದಿಗೂ ನೋವಿನ ನೆನಪು.

ಸಿಡ್ನಿಯಿಂದ ಮೆಲ್ಬರ್ನ್, ಅಲ್ಲಿಂದ ಲಂಡನ್. ಸೌತ್ ಕೆನ್ಸಿಂಗ್ಟನ್ ಸಂಗ್ರಹಾಲಯದ ಆವರಣದಲ್ಲಿ ಕೆಲಕಾಲ ನಿಂತ ಮೇಲೆ ಮನೆಯ ಹಲಗೆಗಳು ಸುಮಾರು ನಾಲ್ಕು ದಶಕ ಉಗ್ರಾಣದಲ್ಲಿ ಬಿದ್ದಿದ್ದವು. 1924ರ ವೆಂಬ್ಲಿ ಸಾಮ್ರಾಜ್ಯ ಪ್ರದರ್ಶನಕ್ಕೆ ಮತ್ತೆ ಜೋಡಿಸಿ, ಮರುವರ್ಷ ಡುನೆಡಿನ್ನಿನ ಪ್ರದರ್ಶನಕ್ಕಾಗಿ ನ್ಯೂಜಿಲೆಂಡಿಗೆ ತಂದರು. ಅಲ್ಲಿಂದ ಅದು ಸೇರಿದ್ದು ದಕ್ಷಿಣ ದ್ವೀಪದ ಒಟಾಗೊ ಮ್ಯೂಸಿಯಂ. ಪ್ರದರ್ಶನದಿಂದ ಪ್ರದರ್ಶನಕ್ಕೆ ಹೊಂದಿಸುವ ಭರದಲ್ಲಿ ಹಲಗೆಗಳಿಗೆ ಕತ್ತರಿ ಬಿದ್ದಿತ್ತು. ತಾಯ್ನಾಡಿಗೆ ಬಂದರೂ ಮನೆ ತನ್ನ ಊರಿಗೆ ಬರಲಿಲ್ಲ, ಮುಂದಿನ 70 ವರ್ಷ ಸಂಗ್ರಹಾಲಯದ ಸೂರಿನಡಿಯೇ ಕಳೆಯಿತು.

1980ರ ದಶಕದಲ್ಲಿ ಗಾಳಿ ತಿರುಗಿತು. 1984ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ‘ತೆ ಮಾವೋರಿ’ ಪ್ರದರ್ಶನ ಮಾವೋರಿ ಹಿರಿಯರ ನಸುಕಿನ ಪ್ರಾರ್ಥನೆಯೊಂದಿಗೆ ಆರಂಭವಾಯಿತು. ಸಂಗ್ರಹಾಲಯದ ವಸ್ತುಗಳಿಗೆ ವಾರಸುದಾರರು ಜೀವಂತವಾಗಿದ್ದಾರೆ ಎಂಬುದು ಆವತ್ತು ಜಗತ್ತಿಗೆ ಕಂಡಿತು. ಅದರ ಸಂಯೋಜಕರಲ್ಲಿ ಒಬ್ಬರಾದ ವಿದ್ವಾಂಸ ಹಿರಿನಿ ಮೊಕೊ ಮೀಡ್ ನಾತಿ ಆವಾ ಕುಲದವರೇ. ಮಾತಾತುವ ಮನೆಗಾಗಿ ನಡೆದ ಮಾತುಕತೆಯ ಮುಂಚೂಣಿಯಲ್ಲಿ ಅವರಿದ್ದರು. ಕೊನೆಗೆ 1996ರಲ್ಲಿ ಮನೆ ಫಕತಾನೆಗೆ ಮರಳಿತು. ಮರಳಿದ್ದು ಕೆತ್ತನೆಗಳು ಮಾತ್ರ, ನಿಲ್ಲುವ ಮನೆಯಲ್ಲ. ತುಂಡಾದ ಹಲಗೆಗಳಿಗೆ ಮರ ಕೂಡಿಸಿ, ಇಲ್ಲದ್ದನ್ನು ಹೊಸದಾಗಿ ಕೆತ್ತಿ, ಗೋಡೆಗಳಿಗೆ ತುಕುತುಕು ನೇಯ್ದು ಮುಗಿಸಲು 15 ವರ್ಷ ಹಿಡಿಯಿತು. 2011ರ ಸೆಪ್ಟೆಂಬರ್ 17ರಂದು ತೆ ಮಾನುಕಾ ತೂತಾಹಿ ಎಂಬ ಅಂಗಳದಲ್ಲಿ ಮನೆ ಮತ್ತೆ ತೆರೆಯಿತು. ಸಿಡ್ನಿಗೆ ಹೊರಟಾಗಿನಿಂದ 132 ವರ್ಷ. ತೆ ಹೌ ಕಿ ತೂರಂಗಕ್ಕೆ ನ್ಯಾಯ ಇನ್ನೂ ತಡವಾಗಿ ಸಿಕ್ಕಿತು. ಅದನ್ನು ಒಯ್ದದ್ದು ತಪ್ಪೆಂದು, ಮಾವೋರಿಗಳ ದೂರುಗಳನ್ನು ವಿಚಾರಿಸುವ ವೈತಾಂಗಿ ನ್ಯಾಯಮಂಡಳಿ 2004ರಲ್ಲಿ ಹೇಳಿದರೆ, 2012ರ ಕಾನೂನು ಅದರ ಒಡೆತನವನ್ನು ರೊಂಗೊಫಕಾತಾ ಕುಲಕ್ಕೆ ಮರಳಿಸಿತು.

ನ್ಯೂಜಿಲೆಂಡಿನ ಹೊರಗೆ ಉಳಿದ ಮನೆಗಳ ದುರಸ್ತಿಯೂ ಇದೇ ದಾರಿ ಹಿಡಿದಿದೆ. 1881ರಲ್ಲಿ ತೊಕೊಮಾರು ಕೊಲ್ಲಿಯಲ್ಲಿ ಕಟ್ಟಿದ ರುವಾತೆಪುಪುಕೆ ಮನೆಯನ್ನು ಶಿಕಾಗೊದ ಫೀಲ್ಡ್ ಮ್ಯೂಸಿಯಂ 1905ರಲ್ಲಿ ಹ್ಯಾಂಬರ್ಗಿನ ವ್ಯಾಪಾರಿಯಿಂದ ಕೊಂಡಿತ್ತು. 1980ರ ದಶಕದ ಕೊನೆಯಲ್ಲಿ ತೊಕೊಮಾರು ಜನರನ್ನು ಕರೆಸಿ, ಅವರೊಂದಿಗೆ ದುರಸ್ತಿ ಮಾಡಿ 1993ರಲ್ಲಿ ತೆರೆಯಿತು. ಅಲ್ಲಿ ಮನೆ ಮರಳಲಿಲ್ಲ, ಆದರೆ ಕುಲದ ಜೊತೆ ಸಂಬಂಧ ಮರಳಿತು.

ಇಂಗ್ಲೆಂಡಿನ ಸರ್ರೆಯಲ್ಲಿರುವ ಕ್ಲಾಂಡನ್ ಪಾರ್ಕಿಗೆ ಹೋದ ಹಿನೆಮಿಹಿಯ ಕಥೆ ಇನ್ನೂ ಕಣ್ಣು ತೆರೆಸುವಂಥದು. ವೆರೊ ತಾರೊಯಿ ಮತ್ತು ತೆನೆ ವೈತೆರೆ ಎಂಬ ಶಿಲ್ಪಿಗಳು 1880ರ ಸುಮಾರಿಗೆ ತೆ ವೈರೊವಾ ಎಂಬ ಹಳ್ಳಿಯಲ್ಲಿ ಕೆತ್ತಿದ ಮನೆ ಇದು. ಪ್ರವಾಸಿಗರ ಹಣದಿಂದ ಊರು ಸಮೃದ್ಧವಾಗಿತ್ತು. ಅದರ ಗುರುತಾಗಿ ಪೂರ್ವಜರ ಕಣ್ಣುಗಳಿಗೆ ಚಿಪ್ಪಿನ ಬದಲು ಚಿನ್ನದ ನಾಣ್ಯ ಕೂರಿಸಿದ್ದರು. 1886ರ ಜೂನ್ 10ರಂದು ತಾರಾವೆರಾ ಅಗ್ನಿಪರ್ವತ ಸ್ಫೋಟಿಸಿ ಹಳ್ಳಿಯನ್ನು ಬೂದಿ ಮುಚ್ಚಿದಾಗ ಇದರೊಳಗೆ ಹೊಕ್ಕವರು ಬದುಕಿದರು. 1892ರಲ್ಲಿ ಗವರ್ನರ್ ಲಾರ್ಡ್ ಆನ್‌ಸ್ಲೊ ಕೆತ್ತನೆಗಳನ್ನು 50 ಪೌಂಡಿಗೆ ಕೊಂಡು ಇಂಗ್ಲೆಂಡಿನ ತನ್ನ ಬಂಗಲೆಯ ತೋಟಕ್ಕೆ ಸಾಗಿಸಿದ. ಮೊದಲ ಮಹಾಯುದ್ಧದಲ್ಲಿ ಬಂಗಲೆ ಆಸ್ಪತ್ರೆಯಾದಾಗ ಚಿಕಿತ್ಸೆಗೆ ಬಂದಿದ್ದ ಮಾವೋರಿ ಸೈನಿಕರು ದೂರದ ನೆಲದಲ್ಲಿ ತಮ್ಮವರ ಮನೆಯನ್ನು ಕಂಡರು. ಮುಂದೆ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ ಬಂಗಲೆಯ ಒಡೆತನ ಪಡೆದು, 1970ರ ದಶಕದ ಕೊನೆಯಲ್ಲಿ ಮನೆಯನ್ನು ದುರಸ್ತಿ ಮಾಡಿಸಿತು. ಮಾಡಿಗೆ ದಪ್ಪನೆಯ ಹುಲ್ಲು ಹೊದಿಸಿದರು. ಹಳೆಯ ಛಾಯಾಚಿತ್ರದಲ್ಲಿ ಮಾಡಿನ ಮೇಲೆ ದಪ್ಪ ಪದರ ಕಾಣುತ್ತಿತ್ತು, ಅದನ್ನು ಹುಲ್ಲೆಂದು ತಿಳಿದಿದ್ದರು. ಆ ಚಿತ್ರ ತೆಗೆದದ್ದು ಸ್ಫೋಟದ ನಂತರ, ಕಂಡದ್ದು ಬೂದಿ. ಮೂಲ ಮಾಡು ಮರದ ಹಲಗೆಬಿಲ್ಲೆಗಳದ್ದು. ಮನೆಯವರನ್ನು ಒಂದು ಮಾತು ಕೇಳಿದ್ದರೆ ತಪ್ಪುತ್ತಿದ್ದ ಎಡವಟ್ಟು ಇದು.

ಕೇಳುವ ಕೆಲಸ ನಂತರ ನಡೆಯಿತು. ಲಂಡನ್ನಿನ ಮಾವೋರಿಗಳು ಅಲ್ಲಿ ಸೇರತೊಡಗಿದರು. 1995ರಲ್ಲಿ ತೆನೆ ವೈತೆರೆಯ ವಂಶಸ್ಥರು ಕಳೆದುಹೋದ ಭಾಗಗಳ ಜಾಗಕ್ಕೆ ಹೊಸ ಕೆತ್ತನೆಗಳನ್ನು ತಂದುಕೊಟ್ಟರು. ಮುಂದಿನ ದುರಸ್ತಿ ಯೋಜನೆಯಲ್ಲಿ ಕುಲದವರೂ ಲಂಡನ್ನಿನ ಮಾವೋರಿಗಳೂ ಸಂರಕ್ಷಣಾ ತಜ್ಞರೊಂದಿಗೆ ಒಂದೇ ಮೇಜಿಗೆ ಕೂತರು. 2015ರಲ್ಲಿ ಕ್ಲಾಂಡನ್ ಬಂಗಲೆ ಬೆಂಕಿಗೆ ತುತ್ತಾದಾಗಲೂ ತೋಟದಲ್ಲಿದ್ದ ಹಿನೆಮಿಹಿಗೆ ಏನೂ ಆಗಲಿಲ್ಲ. 2019ರಲ್ಲಿ ನ್ಯಾಷನಲ್ ಟ್ರಸ್ಟ್ ಹಳೆಯ ಕೆತ್ತನೆಗಳನ್ನು ನ್ಯೂಜಿಲೆಂಡಿಗೆ ಮರಳಿಸಲು ತಾತ್ವಿಕವಾಗಿ ಒಪ್ಪಿತು. ಬದಲಿಗೆ ಇಂಗ್ಲೆಂಡಿನಲ್ಲಿ ನಿಲ್ಲುವ ಮನೆಗಾಗಿ ಕುಲದ ಶಿಲ್ಪಿಗಳು ಹೊಸ ಕೆತ್ತನೆಗಳನ್ನು ಮಾಡಿಕೊಡಬೇಕೆಂದು, ಲಂಡನ್ನಿನ ಮಾವೋರಿಗಳ ಕೂಡುವ ತಾಣ ಹಾಗೆಯೇ ಮುಂದುವರಿಯಬೇಕೆಂದು ಮಾತಾಯಿತು.