ವಂತಿಗೆ, ಜೋಳಿಗೆ, ಅರ್ಜಿ

ಹಳ್ಳಿಯ ಶಾಲೆಗೆ ಇನ್ನೊಂದು ಕೊಠಡಿ ಬೇಕು, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು, ಪುಸ್ತಕ ಇಡಲು ನಾಲ್ಕು ಬೀರು ಬೇಕು ಎಂಬ ಮಾತು ಬಂದೊಡನೆ ‘ಫಂಡ್ ಎಲ್ಲಿಂದ?’ ಎಂಬ ಪ್ರಶ್ನೆಯೂ ಏಳುತ್ತದೆ. ಈ ಇಂಗ್ಲಿಷ್ ಮಾತು ಬರುವ ಮುಂಚೆಯೂ ನಮ್ಮ ಹಳ್ಳಿಗಳಲ್ಲಿ ಕೆರೆಕಟ್ಟೆ, ಗುಡಿಮಠಗಳ ಕೆಲಸ ನಡೆಯುತ್ತಿತ್ತು. ಹಣ ಎಲ್ಲಿಂದ ಬಂತು ಎಂಬುದಕ್ಕೆ ತಕ್ಕಂತೆ ಅದಕ್ಕೆ ಬೇರೆ ಬೇರೆ ಹೆಸರುಗಳಿದ್ದವು. ಅರಸನೋ ಪಾಳೆಯಗಾರನೋ ಬಿಟ್ಟದ್ದು ದತ್ತಿ, ಉಂಬಳಿ. ಮನೆಗಿಷ್ಟು ಎಂದು ಊರವರೇ ಎತ್ತಿದ್ದು ವಂತಿಗೆ. ಸ್ವಾಮಿಗಳು ಮನೆಬಾಗಿಲಿಗೆ ಬಂದು ಕೇಳಿ ಪಡೆದದ್ದು ಭಿಕ್ಷೆ. ಅದನ್ನು ತುಂಬಿಕೊಳ್ಳುವ ಬಟ್ಟೆಯ ಚೀಲ ಜೋಳಿಗೆ. ಇವುಗಳ ಸಾಲಿಗೆ ಬಹಳ ತಡವಾಗಿ ಬಂದು ಸೇರಿದ್ದು ಅರ್ಜಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಒಂದು ಜಿಲ್ಲೆಯಾದವು. ರಾಮನಗರದ ಹೆಸರಿನಲ್ಲಿದ್ದ ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು. ರಾಗಿ, ರೇಷ್ಮೆ, ಬಂಡೆಬೆಟ್ಟಗಳ ಸೀಮೆಯಿದು. ಹೊರಗಿನವರಿಗೆ ‘ಶೋಲೆ’ ಚಿತ್ರದ ಬೆಟ್ಟಗಳೆಂದರೆ ಬೇಗ ಗುರುತು ಹತ್ತುತ್ತದೆ. ಹಳ್ಳಿಯ ವಿದ್ಯೆಗೆ ಹಣ ಹೊಂದಿಸಿದ ಚರಿತ್ರೆಯಲ್ಲಿ ಈ ಸೀಮೆಗಿರುವ ಸ್ಥಾನ ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ.

ದತ್ತಿಯ ಕಾಲದ ಗುರುತು ಚನ್ನಪಟ್ಟಣದ ಪಕ್ಕದಲ್ಲೇ ಇದೆ. ಅಪ್ರಮೇಯಸ್ವಾಮಿ ದೇವಾಲಯದ ಮಳೂರು ಚೋಳರ ಕಾಲದಲ್ಲಿ ಚತುರ್ವೇದಿಮಂಗಲವಾಗಿತ್ತು. ಎಂದರೆ, ವೇದ ಓದಿದವರಿಗೆ ಬಿಟ್ಟುಕೊಟ್ಟ ಊರು. ಭೂಮಿಯ ಹುಟ್ಟುವಳಿಯಿಂದ ವಿದ್ಯೆ ನಡೆಯಿತೆಂಬುದು ನಿಜ. ಆ ಭೂಮಿಯನ್ನು ಉತ್ತವನ ಮಗನಿಗೆ ಅದರಲ್ಲಿ ಪಾಲಿರಲಿಲ್ಲ ಎಂಬುದೂ ಅಷ್ಟೇ ನಿಜ. ಉಳಿದವರಿಗಿದ್ದದ್ದು ಕೂಲಿಮಠ. ಐಗಳಿಗೆ ಮಕ್ಕಳ ಮನೆಯವರು ಕಾಳುಕಡ್ಡಿಯನ್ನೋ ಕಾಸನ್ನೋ ಕೊಡುತ್ತಿದ್ದರು. ಮರಳ ಮೇಲೆ ಅಕ್ಷರ ತಿದ್ದಿ, ಮಗ್ಗಿ ಹೇಳಿ, ಲೆಕ್ಕ ಕಲಿತರೆ ಓದು ಮುಗಿಯಿತು. ಮಳೆ ಕೈಕೊಟ್ಟ ವರ್ಷ ಐಗಳು ಬೇರೆ ಊರು ನೋಡಿಕೊಳ್ಳುತ್ತಿದ್ದರು. ಅನುದಾನ ನಿಂತಾಗ ಮುಚ್ಚುವ ಇಂದಿನ ಯೋಜನೆಗಳಿಗೆ ಇದು ಹಳೆಯ ನಂಟು.

ಸರ್ಕಾರದ ಹಣ ಹಳ್ಳಿಯ ಶಾಲೆಗೆ ವ್ಯವಸ್ಥಿತವಾಗಿ ಬರತೊಡಗಿದ್ದು 1868ರ ಹೋಬಳಿ ಶಾಲೆಗಳ ಯೋಜನೆಯಿಂದ. ಅದನ್ನು ರೂಪಿಸಿದವರು ಆಗ ಮೈಸೂರಿನ ವಿದ್ಯಾ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್. ಶಾಸನಗಳನ್ನು ಸಂಪಾದಿಸಿ ಕನ್ನಡಿಗರಿಗೆ ಚಿರಪರಿಚಿತರಾದ ರೈಸ್ ಸಾಹೇಬರೇ ಇವರು. ಯೋಜನೆಯ ಷರತ್ತು ಸರಳವಾಗಿತ್ತು: ಶಾಲೆ ಬೇಕೆಂದು ಹೋಬಳಿಯ ಜನ ಕೇಳಬೇಕು, ಕಟ್ಟಡವನ್ನು ಅವರೇ ಒದಗಿಸಬೇಕು, ತರಬೇತಾದ ಮೇಷ್ಟ್ರನ್ನು ಸರ್ಕಾರ ಕೊಡುತ್ತದೆ. ಕಂದಾಯದ ಜೊತೆಗೆ ವಸೂಲಾಗುತ್ತಿದ್ದ ಸೆಸ್ಸಿನಲ್ಲಿ ಒಂದು ಭಾಗ ವಿದ್ಯೆಗೆಂದು ಮೀಸಲಾಯಿತು. ‘ಲೋಕಲ್ ಫಂಡ್’ ಎಂಬ ಮಾತು ರೈತನ ಬಾಯಿಗೆ ಬಂದದ್ದು ಹೀಗೆ. ಆ ದುಡ್ಡು ರೈತನದೇ ಎಂಬುದನ್ನು ಮರೆಯಬಾರದು. ಅವನ ಕೈಯಿಂದ ಹೋಗಿ, ಕಚೇರಿ ಸುತ್ತಿ, ಅನುದಾನವೆಂಬ ಹೆಸರಿನಲ್ಲಿ ವಾಪಸಾಗುತ್ತಿತ್ತು.

ಕೇಳಿದವರಿಗೆ ಕೊಡುವುದು ಎಂಬ ಈ ನಿಯಮದಲ್ಲಿ ಒಂದು ತೊಡಕಿತ್ತು. ಕೇಳಲು ಬರೆಯಬಲ್ಲವನೊಬ್ಬ ಬೇಕು, ಕಟ್ಟಡ ಕೊಡಲು ಉಳ್ಳವನೊಬ್ಬ ಬೇಕು. ಕಸಬೆಗಳಲ್ಲಿ ಇಬ್ಬರೂ ಸಿಗುತ್ತಿದ್ದರು. ಆಗ ಕ್ಲೋಸ್‌ಪೇಟೆ ಎನಿಸಿದ್ದ ಇಂದಿನ ರಾಮನಗರವಾಗಲಿ ಚನ್ನಪಟ್ಟಣವಾಗಲಿ ಹೆದ್ದಾರಿಯ ಮೇಲಿದ್ದ ಊರುಗಳು. ಕನಕಪುರದ ಕಾಡಂಚಿನ ದೊಡ್ಡಿಗಳಲ್ಲಿ, ಸಾವನದುರ್ಗದ ಬುಡದ ಹಳ್ಳಿಗಳಲ್ಲಿ ಇಬ್ಬರೂ ಒಟ್ಟಿಗೆ ಸಿಗುವುದು ಕಷ್ಟವಾಗಿತ್ತು. ನೂರೈವತ್ತು ವರ್ಷಗಳ ನಂತರವೂ ಅನುದಾನದ ಲೋಕದಲ್ಲಿ ಈ ತೊಡಕು ಹೋಗಿಲ್ಲವೆಂಬುದನ್ನು ಮುಂದೆ ನೋಡೋಣ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಅದರ ಬೆನ್ನಿಗೇ ಗ್ರಾಮ ನೈರ್ಮಲ್ಯ ಮತ್ತು ಸುಧಾರಣೆಯ ಯೋಜನೆಯೂ ಬಂತು. ಊರಿಗೊಂದು ಸಮಿತಿ, ಊರವರು ಹಣವಾಗಿಯೋ ವಾರಕ್ಕಿಷ್ಟು ಹೊತ್ತಿನ ದುಡಿಮೆಯಾಗಿಯೋ ತಮ್ಮ ಪಾಲು ಹಾಕಿದರೆ ಅದಕ್ಕೆ ಸರ್ಕಾರದ ಪಾಲು ಸೇರುತ್ತಿತ್ತು. ಬಾವಿ, ರಸ್ತೆ, ಚರಂಡಿ, ಶಾಲೆಯ ಕಟ್ಟಡ ಹೀಗೆ ಆಗಬೇಕೆಂಬುದು ಉದ್ದೇಶ. ವಂತಿಗೆಗೆ ಸರ್ಕಾರಿ ಮುದ್ರೆ ಬಿದ್ದಂತಾಯಿತು. ಇಂದು ಅಂತರರಾಷ್ಟ್ರೀಯ ಸಂಸ್ಥೆಗಳು ಹೊಸ ತತ್ವವೆಂಬಂತೆ ಹೇಳುವ ‘ಮ್ಯಾಚಿಂಗ್ ಗ್ರಾಂಟ್’ ನಮ್ಮ ಹಳೆಯ ಮೈಸೂರಿಗೆ ಹೊಸದೇನಲ್ಲ.

ಪ್ರಾಥಮಿಕ ಶಾಲೆ ಊರಿಗೆ ಬಂದರೂ ಅದರ ಮುಂದಿನ ಓದು ಪಟ್ಟಣದಲ್ಲಿತ್ತು. ಅಲ್ಲಿ ಹಳ್ಳಿಯ ಹುಡುಗನಿಗೆ ಎದುರಾಗುತ್ತಿದ್ದ ಮೊದಲ ಕಷ್ಟ ಫೀಸಲ್ಲ, ಊಟ. ವಾರಾನ್ನ ಎಲ್ಲರಿಗೂ ಸಿಗುತ್ತಿರಲಿಲ್ಲ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಜಾತಿಸಂಘಗಳು ಹಾಸ್ಟೆಲುಗಳ ಮಾತನ್ನೆತ್ತಿದ್ದು ಈ ಕಾರಣಕ್ಕೇ. ಜಾತಿಸಂಘಗಳನ್ನು ಇಂದು ನಾವು ಚುನಾವಣೆಯ ಲೆಕ್ಕದಲ್ಲಿ ಮಾತ್ರ ನೋಡುತ್ತೇವೆ. ಹಳ್ಳಿಗೂ ಕಾಲೇಜಿಗೂ ನಡುವೆ ಒಂದು ಅನ್ನದ ತಟ್ಟೆ ಇಟ್ಟವುಗಳಲ್ಲಿ ಅವೂ ಸೇರಿದ್ದವು.

ಅನ್ನದ ಕಷ್ಟಕ್ಕೆ ಎಲ್ಲಕ್ಕಿಂತ ದೊಡ್ಡ ಉತ್ತರ ಕೊಟ್ಟವರು ಮಾಗಡಿ ತಾಲ್ಲೂಕಿನವರೇ. ವೀರಾಪುರದಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1930ರಲ್ಲಿ ಸನ್ಯಾಸ ಪಡೆದ ಶಿವಕುಮಾರ ಸ್ವಾಮಿಗಳು 1941ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಹೊಣೆ ಹೊತ್ತರು. ಮಠದಲ್ಲಿ ಅವರ ಗುರುಗಳಾದ ಉದ್ದಾನ ಶಿವಯೋಗಿಗಳ ಕಾಲದಿಂದಲೇ ಸಂಸ್ಕೃತ ಪಾಠಶಾಲೆಯೂ ದಾಸೋಹವೂ ಇದ್ದವು. ದೊಡ್ಡ ಆಸ್ತಿಯೇನೂ ಇರಲಿಲ್ಲ. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಸುಗ್ಗಿಯಲ್ಲಿ ರಾಗಿ, ಭತ್ತ, ಬೇಳೆ, ತೆಂಗಿನಕಾಯಿ; ಕೆಲವರು ಹಣ; ಏನೂ ಇಲ್ಲದವರು ಒಂದು ಹೊರೆ ಸೌದೆ. ಹೀಗೆ ಬಂದದ್ದು ಅಡುಗೆಮನೆಗೆ ಹೋಗುತ್ತಿತ್ತು, ಅಲ್ಲಿಂದ ಮಕ್ಕಳ ತಟ್ಟೆಗೆ. 2019ರ ಜನವರಿಯಲ್ಲಿ ನೂರಹನ್ನೊಂದನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಮಠದಲ್ಲಿ ಜಾತಿಭೇದವಿಲ್ಲದೆ ಉಂಡು ಓದುತ್ತಿದ್ದ ಮಕ್ಕಳು ಹತ್ತು ಸಾವಿರದಷ್ಟಿದ್ದರು.

ಇಲ್ಲಿ ಭಕ್ತಿಯ ಮಾತನ್ನು ಸ್ವಲ್ಪ ಬದಿಗಿಟ್ಟು ಹಣಕಾಸಿನ ಕಣ್ಣಿನಿಂದ ನೋಡಬೇಕು. ಒಬ್ಬ ದೊಡ್ಡ ದಾನಿಯನ್ನು ನಂಬಿದ ಸಂಸ್ಥೆ ಆ ದಾನಿಯ ಮನಸ್ಸು ಬದಲಾದ ದಿನ ಕುಸಿಯುತ್ತದೆ. ಸಾವಿರಾರು ಮನೆಗಳಿಂದ ಸೇರು, ಪಲ್ಲದ ಲೆಕ್ಕದಲ್ಲಿ ಬರುವ ದಾನ ಹಾಗಲ್ಲ. ಒಂದು ಸೀಮೆಯಲ್ಲಿ ಬರ ಬಿದ್ದರೆ ಇನ್ನೊಂದು ಸೀಮೆ ಕೊಡುತ್ತದೆ. ಕೊಟ್ಟವನ ಮಗನೋ ನೆಂಟರ ಮಗನೋ ಅಲ್ಲೇ ಓದುತ್ತಿರುವುದರಿಂದ ಲೆಕ್ಕಪರಿಶೋಧನೆಯೂ ತಾನಾಗಿ ಆಗುತ್ತದೆ. ಹುಡುಗ ರಜಕ್ಕೆ ಬಂದಾಗ ಅವನ ಮುಖ ನೋಡಿದರೆ ರಾಗಿ ಎಲ್ಲಿ ಹೋಯಿತೆಂದು ತಿಳಿಯುತ್ತದೆ!

ಎರಡನೆಯವರು ರಾಮನಗರ ತಾಲ್ಲೂಕಿನವರು. ಬಿಡದಿಯ ಕಡೆಯ ಬಾನಂದೂರಿನಲ್ಲಿ 1945ರಲ್ಲಿ ಹುಟ್ಟಿದ ಬಾಲಗಂಗಾಧರನಾಥ ಸ್ವಾಮಿಗಳು 1974ರಲ್ಲಿ ಆದಿಚುಂಚನಗಿರಿಯ ಪೀಠಕ್ಕೆ ಬಂದರು. ನಾಗಮಂಗಲ ತಾಲ್ಲೂಕಿನ ಆ ಬೆಟ್ಟ ಆಗ ಸೌಕರ್ಯವಿಲ್ಲದ ಜಾಗ. 2013ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮಠದ ಶಿಕ್ಷಣ ಟ್ರಸ್ಟಿನ ಕೆಳಗೆ ಅಂಧರ ಶಾಲೆಯಿಂದ ವೈದ್ಯಕೀಯ ಕಾಲೇಜಿನವರೆಗೆ ನೂರಾರು ಸಂಸ್ಥೆಗಳಿದ್ದವು. ಮೂರನೆಯದು ಮಠವಲ್ಲ. ಕನಕಪುರದಲ್ಲಿ ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟಗಾರ ಎಸ್. ಕರಿಯಪ್ಪನವರು ಕಟ್ಟಿದ ರೂರಲ್ ಎಜುಕೇಷನ್ ಸೊಸೈಟಿ. ಹೆಸರಿನಲ್ಲೇ ಗ್ರಾಮವನ್ನಿಟ್ಟುಕೊಂಡ ಈ ಸಂಸ್ಥೆಯ ಕಾಲೇಜು ಊರವರ ಬಾಯಲ್ಲಿ ‘ರೂರಲ್ ಕಾಲೇಜು’.

ಇಂಥ ಸಂಸ್ಥೆಗಳ ಬೆಳವಣಿಗೆಯ ಹಿಂದೆ ಹೋಬಳಿ ಶಾಲೆಯ ಹಳೆಯ ಒಪ್ಪಂದವೇ ಇತ್ತು. ಕಟ್ಟಡ, ಮೈದಾನ, ಹಾಸ್ಟೆಲು ಸಮಾಜದ್ದು. ಮೇಷ್ಟ್ರ ಸಂಬಳ ಸರ್ಕಾರದ ಅನುದಾನ. ಎಷ್ಟೋ ಹಳ್ಳಿ ಪ್ರೌಢಶಾಲೆಗಳು ಹುಟ್ಟಿದ್ದು ಈ ಭರವಸೆಯ ಮೇಲೆ. 1980ರ ದಶಕದ ಕೊನೆಯಿಂದ ಸರ್ಕಾರ ಹೊಸ ಖಾಸಗಿ ಶಾಲೆಗಳನ್ನು ಅನುದಾನಕ್ಕೆ ಸೇರಿಸಿಕೊಳ್ಳುವುದನ್ನು ಬಿಗಿಗೊಳಿಸಿತು. ಆಮೇಲೆ ಶಾಲೆ ತೆರೆದವರು ಸಂಬಳವನ್ನೂ ತಾವೇ ಹುಡುಕಬೇಕಾಯಿತು. ಫೀಸು ವಸೂಲಿ ಮಾಡಬಲ್ಲ ಪಟ್ಟಣದ ಇಂಗ್ಲಿಷ್ ಶಾಲೆಗೆ ಇದರಿಂದ ಏನೂ ಆಗಲಿಲ್ಲ. ವಂತಿಗೆ ಎತ್ತಿ ಕಟ್ಟಿದ ಹಳ್ಳಿಯ ಕನ್ನಡ ಶಾಲೆಗೆ ಪೆಟ್ಟು ಬಿತ್ತು. ಈ ತೀರ್ಮಾನದ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಲಿಲ್ಲವೆಂದೇ ನನ್ನ ಭಾವನೆ.

ಇನ್ನು ಪರದೇಶದ ಹಣದ ಕಥೆ. 1952ರ ಅಕ್ಟೋಬರ್ 2ರಂದು ದೇಶದ 55 ಕಡೆಗಳಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅಮೆರಿಕ ಸರ್ಕಾರದ ನೆರವು, ಫೋರ್ಡ್ ಫೌಂಡೇಷನ್ನಿನ ಹಣ ಅದರ ಹಿಂದಿದ್ದವು. ಆಗ ಮೈಸೂರಿನ ಮುಖ್ಯಮಂತ್ರಿ ಈ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯ. ಗ್ರಾಮಸೇವಕ, ಬ್ಲಾಕು, ಬಿ.ಡಿ.ಓ. ಎಂಬ ಮಾತುಗಳು ಹಳ್ಳಿಗರ ನಾಲಗೆಗೆ ಬಂದದ್ದು ಆ ಯೋಜನೆಯಿಂದ. ಐದು ವರ್ಷಗಳ ನಂತರ, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿ ಕಂಡದ್ದೇನು? ಹಣ ಖರ್ಚಾಗಿದೆ, ಕೆಲಸಗಳೂ ಆಗಿವೆ, ಜನರು ಮಾತ್ರ ಇದು ತಮ್ಮದೆಂದು ಕೈಹಾಕಿಲ್ಲ. ಪಂಚಾಯಿತಿಗಳ ಕೈಗೆ ಅಧಿಕಾರ ಕೊಡಬೇಕೆಂಬ ಶಿಫಾರಸು ಆ ವರದಿಯಿಂದ ಬಂತು.

ಚನ್ನಪಟ್ಟಣದ ಬೊಂಬೆಯವರ ಅನುಭವವೂ ಇದಕ್ಕೆ ದೂರವಲ್ಲ. ಆಲೆಮರದ ತುಂಡನ್ನು ಕಡೆದು ಅರಗಿನ ಬಣ್ಣ ಕೊಡುವ ಈ ಕಸಬಿನವರಿಗಾಗಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ 32 ಕಡೆತದ ಯಂತ್ರಗಳ ಸಂಕೀರ್ಣವೊಂದನ್ನು ಕಟ್ಟಿತು. ಕುಶಲಕರ್ಮಿಗಳಿಗೆ ಡಚ್ ಸರ್ಕಾರದ ಹಣವೂ ರಾಜ್ಯದ ‘ವಿಶ್ವ’ ಯೋಜನೆಯ ನೆರವೂ ಸಿಕ್ಕವು. ಒಳ್ಳೆಯ ಕೆಲಸವೇ. ಆದರೆ ಯಂತ್ರ ಕೊಡಬಲ್ಲ ಅನುದಾನ ಗಿರಾಕಿಯನ್ನು ಕೊಡಲಾರದು. ಅಗ್ಗದ ಚೀನೀ ಪ್ಲಾಸ್ಟಿಕ್ ಆಟಿಕೆಗಳು ಸಂತೆಗೆ ಬಂದಾಗ ಕಸಬು ತತ್ತರಿಸಿತು. ಭೌಗೋಳಿಕ ಸೂಚಕದ ಮನ್ನಣೆ, ರಾಸಾಯನಿಕವಿಲ್ಲದ ಬಣ್ಣಕ್ಕೆ ಹೊರಗೆ ಹುಟ್ಟಿದ ಬೇಡಿಕೆ ಇವು ಆಮೇಲೆ ಒಂದಿಷ್ಟು ಉಸಿರು ಕೊಟ್ಟವು.

ಕರ್ನಾಟಕದಲ್ಲಿ ಬೇರೊಂದು ಪ್ರಯೋಗವೂ ನಡೆದಿತ್ತು. ಬೆಂಗಳೂರಿನಲ್ಲಿ 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ 1984-85ರ ಸುಮಾರಿಗೆ ಕೆಲವು ಸಹಕಾರ ಸಂಘಗಳು ಒಡೆದವು. ಸದಸ್ಯರು ಸಣ್ಣ ಗುಂಪುಗಳಾಗಿ ಬಂದು, ಸಂಘದ ಸಾಲವನ್ನು ನಿಮಗೇ ತೀರಿಸುತ್ತೇವೆ ಎಂದರು. ಗುಂಪೇ ಇಟ್ಟುಕೊಳ್ಳಲಿ ಎಂದಿತು ಸಂಸ್ಥೆ. ಸ್ವಸಹಾಯ ಸಂಘಗಳ ಮೊಳಕೆ ಇದು. 1987ರಲ್ಲಿ ನಬಾರ್ಡ್ ಇಂಥ ಗುಂಪುಗಳಿಗೆಂದು ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭವಾಯಿತು. ಮೊದಲು ಉಳಿತಾಯ, ಆಮೇಲೆ ಸಾಲ. ವಾರ ವಾರ ಕಟ್ಟುವ ಹತ್ತು ರೂಪಾಯಿ ವಂತಿಗೆಯ ಮೊಮ್ಮಗಳೇ.

ಇವತ್ತಿನ ಸ್ಥಿತಿಗೆ ಬಂದರೆ, ಹಳ್ಳಿಯ ಕೆಲಸಕ್ಕೆ ಹೊರಗಿನ ಹಣದ ಬಾಗಿಲುಗಳು ಮುಖ್ಯವಾಗಿ ಎರಡು. ಮೊದಲನೆಯದು ಕಂಪನಿಗಳ ಸಾಮಾಜಿಕ ಹೊಣೆಯ ಹಣ. 2013ರ ಕಂಪನಿ ಕಾಯಿದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಇದಕ್ಕೆ ತೆಗೆದಿಡಬೇಕು. ತಾವು ಕೆಲಸ ಮಾಡುವ ಸುತ್ತಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಬಿಡದಿಯಲ್ಲಿ ಟೊಯೋಟಾ ಸಂಸ್ಥೆ 2007ರಲ್ಲೇ, ಕಾಯಿದೆ ಬರುವ ಮುಂಚೆಯೇ, ಹಳ್ಳಿಯ ಬಡ ಹುಡುಗರಿಗೆಂದು ತಾಂತ್ರಿಕ ತರಬೇತಿ ಶಾಲೆ ತೆರೆದಿತ್ತು. ಸುತ್ತಿನ ಪ್ರದೇಶಕ್ಕೆ ಆದ್ಯತೆ ಎಂಬುದು ನ್ಯಾಯವೇ ಆದರೂ ಕಾರ್ಖಾನೆಯ ಬೇಲಿಯಿಂದ ದೂರವಾದಷ್ಟೂ ಹಣ ತೆಳ್ಳಗಾಗುತ್ತದೆ. ಬಿಡದಿ, ಹಾರೋಹಳ್ಳಿಗಳಿಗೆ ಸುಲಭವಾದದ್ದು ಕಾವೇರಿ ಸಂಗಮದ ಕಡೆಯ ದೊಡ್ಡಿಗೆ ಸುಲಭವಲ್ಲ.

ಎರಡನೆಯ ಬಾಗಿಲು ವಿದೇಶಿ ದೇಣಿಗೆ. 1976ರಲ್ಲಿ ಬಂದ ಕಾಯಿದೆಯ ಜಾಗಕ್ಕೆ 2010ರಲ್ಲಿ ಹೊಸದು ಬಂತು, 2020ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಈಗ ನೋಂದಣಿ ಬೇಕಾದರೆ ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ತನ್ನ ಕೆಲಸಕ್ಕೆ ಖರ್ಚು ಮಾಡಿರಬೇಕು. ಹಿಂದೆ ದೊಡ್ಡ ಸಂಸ್ಥೆಯೊಂದು ಹಣ ತಂದು ಸಣ್ಣವರಿಗೆ ಹಂಚುವ ಪದ್ಧತಿಯಿತ್ತು. 2020ರ ತಿದ್ದುಪಡಿ ಅದನ್ನು ನಿಲ್ಲಿಸಿತು. ದುರುಪಯೋಗ ತಡೆಯಬೇಕೆಂಬ ಸರ್ಕಾರದ ವಾದವನ್ನು ತಳ್ಳಿಹಾಕಲಾಗದು. ಆದರೆ ಹಣವಿಲ್ಲವೆಂದು ಬಂದವನಿಗೆ ಮೊದಲು 15 ಲಕ್ಷ ಖರ್ಚು ಮಾಡಿ ಬಾ ಎಂದರೆ ಹಳ್ಳಿಯ ಯುವಕ ಸಂಘ ಏನು ಮಾಡಬೇಕು?

ಕಂಪನಿ ಹಣದ ದಾರಿಯೂ ಕಾಗದಗಳಿಂದಲೇ ತುಂಬಿದೆ. ಸಂಸ್ಥೆ ಟ್ರಸ್ಟ್ ಆಗಿಯೋ, 1960ರ ಸಂಘಗಳ ಕಾಯಿದೆಯಡಿಯೋ ನೋಂದಾಯಿತವಾಗಿರಬೇಕು. ಆದಾಯ ತೆರಿಗೆಯ 12ಎ, 80ಜಿ ಮನ್ನಣೆ, 2021ರಿಂದ ಕಂಪನಿ ವ್ಯವಹಾರಗಳ ಇಲಾಖೆಯ ನೋಂದಣಿ ಸಂಖ್ಯೆ, ಮೂರು ವರ್ಷದ ಕೆಲಸದ ದಾಖಲೆ ಇವೆಲ್ಲ ಬೇಕು. ಸರ್ಕಾರಿ ಶಾಲೆಗೆ ಇನ್ನೊಂದು ಹಾದಿಯಿದೆ. 2001ರಿಂದ ಪ್ರತಿ ಶಾಲೆಗೂ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಅದರಲ್ಲಿ ಪೋಷಕರಿದ್ದಾರೆ. ಕಂಪನಿ ತಾನೇ ಕೊಠಡಿ ಕಟ್ಟಿಸಿಕೊಡಲು ಒಪ್ಪಿದರೆ ಊರವರಿಗೆ ಈ ನೋಂದಣಿಗಳ ಗೋಜಿಲ್ಲ. ಸಮಿತಿಯ ಠರಾವು, ಮುಖ್ಯೋಪಾಧ್ಯಾಯರ ಪತ್ರ, ಶಿಕ್ಷಣ ಇಲಾಖೆಯ ಒಪ್ಪಿಗೆ ಸೇರಿದರೆ ಮಾತು ಆರಂಭಿಸಬಹುದು.

ಅರ್ಜಿಯ ನಮೂನೆಗಳನ್ನು ನೋಡಿದರೆ ಬಹುಪಾಲು ಎಲ್ಲದರಲ್ಲೂ ‘ಸ್ಥಳೀಯ ಕೊಡುಗೆ’ ಎಂಬ ಅಂಕಣವೊಂದಿರುತ್ತದೆ. ನಗದಿಲ್ಲದ ಊರು ಅದನ್ನು ಖಾಲಿ ಬಿಡುವುದುಂಟು. ಬಿಡಬೇಕಿಲ್ಲ. ಯಾರೋ ಬಿಟ್ಟುಕೊಟ್ಟ ಎರಡು ಗುಂಟೆ ಜಾಗ, ಕೊಠಡಿಯ ತಳಪಾಯಕ್ಕೆ ಊರವರು ಹೊತ್ತ ಕಲ್ಲು, ಮೂವತ್ತು ಮನೆಯವರ ಎರಡೆರಡು ದಿನದ ದುಡಿಮೆ, ಕೆಲಸದವರಿಗೆ ಸರದಿಯ ಮೇಲೆ ಹಾಕಿದ ಊಟ ಇವಕ್ಕೆಲ್ಲ ಅಲ್ಲಿನ ಕೂಲಿಯ ದರದಲ್ಲಿ, ಬೆಲೆಯಲ್ಲಿ ಲೆಕ್ಕ ಕಟ್ಟಿ ಆ ಅಂಕಣದಲ್ಲಿ ತೋರಿಸಬಹುದು. ಅದಕ್ಕೆ ಬೇಕಾದದ್ದು ಒಂದು ಹಾಜರಿ ಪುಸ್ತಕ, ಕೆಲಸದ ದಿನವೇ ಹಾಕಿಸಿಕೊಂಡ ಸಹಿ ಅಥವಾ ಹೆಬ್ಬೆಟ್ಟಿನ ಗುರುತು.